ಗಾಡಿಗೆ ಎಣ್ಣೆನೀರು

ಅಕ್ಟೋಬರ್ 19, 1974. ಶನಿವಾರ

ಬೆಳಿಗ್ಗೆ ಎದ್ದು ಗಾಡಿಗೆ ಗಾಳಿ ಹೊಡೆದೆ. ಬಲಗಾಲಿ ಮೆತ್ತಗಾಗಿತ್ತು. ನನ್ನ ಬಲಗಾಲು, ಎಡಗಾಲು ಎರಡೂ ಮಗುವಾಗಿದ್ದಾಗಿನ ಜ್ವರದಲ್ಲೇ ಮೆತ್ತಗಾದವು. ಅವಕ್ಕೆ ಪಂಪು ಸಿಗಲಿಲ್ಲ. ಇದಕ್ಕಾದರೂ ಇದೆ. ಚೈನಿಗೆ ಹನಿ ಎಣ್ಣೆ, ಹೆಚ್ಚಾದದ್ದು ಬಟ್ಟೆಗೆ. ಬ್ರೇಕು ಹಿಡಿದು ಗೋಡೆಯನ್ನು ನೂಕಿ ನೋಡಿದೆ. ಗಾಡಿ ಅಲುಗಲಿಲ್ಲ, ಗೋಡೆಯೂ. ಹೊರಟೆ.

ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿ. ಶ್ರಾವಣದಲ್ಲಿ ದಾವಣಗೆರೆಯಿಂದ ಬಸ್ಸಿನ ಟಾಪಿನ ಮೇಲೆ ಕೂತು ಬಂತು, ಮದುಮಗಳ ಹಾಗೆ. ಅಲ್ಲಿಯವರೆಗೆ ನಾನು ಅಣ್ಣನ ಬೆನ್ನ ಮೇಲೆ ಬಿ.ಎ. ಮಾಡಿದವಳು. ಪದ ಸೋತರೂ ಪದವಿ ಬಿಡಲಿಲ್ಲ — ಕಾಲೇಜಿನಲ್ಲಿ ನನ್ನನ್ನು ಕಂಡು ಮರುಗಲು ಬಂದವರಿಗೆಲ್ಲ ಇದನ್ನೇ ಹೇಳಿ ಕಳಿಸುತ್ತಿದ್ದೆ.

ನಮ್ಮ ಬುರುಜನಹಟ್ಟಿಯಿಂದ ನಾನು ಕರಡು ತಿದ್ದುವ ಪ್ರೆಸ್ಸಿಗೆ ಇಳಿಜಾರು. ಹೆಸರಲ್ಲೇ ಎರಡು ಆಜ್ಞೆ: ಇಳಿ, ಜಾರು. ನಾನು ಮೊದಲನೆಯದನ್ನು ಮಾತ್ರ ಪಾಲಿಸುತ್ತೇನೆ. ಸಂಜೆ ಹತ್ತುವಾಗ ತಳ್ಳುವುದಕ್ಕೆ ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ಬೆಳಿಗ್ಗೆ ಇಳಿಯುವಾಗ ಬುದ್ಧಿ ಹೇಳುವುದಕ್ಕೆ ಇಡೀ ಬೀದಿ ಸಿಗುತ್ತದೆ.

ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಕರಡು. ‘ವಧೂವರರು’ ಅನ್ನುವ ಕಡೆ ‘ವಧೆವರರು’. ತಿದ್ದಿದೆ. ಮಾಲೀಕ ಚಿತ್ರಲಿಂಗಪ್ಪನವರು, “ಬಿಟ್ಬಿಡ್ರಿ, ಆಮೇಲೆ ಹೆಂಗೂ ಅದೇ ಆಗೋದು” ಅಂದರು.

ಅಣ್ಣನ ಷರತ್ತು ಮಾತ್ರ ತಲೆಯ ಮೇಲೆ ಕೂತೇ ಇದೆ. ಅಣ್ಣ ಈರಬಸಪ್ಪ, ಧರ್ಮಪುರದ ಕಡೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರು. ಗಾಡಿ ಬಂದ ದಿನವೇ ಹೇಳಿದ್ದ: “ಒಂದ್ಸಲ ಬಿದ್ರೆ ಗಾಡಿ ಒಳಕ್ಕೆ, ನೀನೂ ಒಳಕ್ಕೆ.” ಇನ್ನೂ ಬಿದ್ದಿಲ್ಲ. ಬೀದಿಗೆ ಅದೇ ಬೇಜಾರು.


ಅಕ್ಟೋಬರ್ 24. ಆಯುಧಪೂಜೆ

ಎಲ್ಲರಿಗೂ ಎಣ್ಣೆನೀರು. ಧರ್ಮಪುರದಿಂದ ಅಣ್ಣ ತಂದ ಹರಳೆಣ್ಣೆ, ಜೇನಿನ ಹಾಗೆ ಮಂದ. ಅವ್ವ ನನ್ನ ತಲೆ ತಟ್ಟಿ ತಟ್ಟಿ ಹಚ್ಚಿದಳು. ಆಮೇಲೆ ಕಣ್ಣುರಿಯೋ ಹಾಗೆ ಸೀಗೆಪುಡಿ. ನಮ್ಮವ್ವ ಗಿರಿಯಮ್ಮನ ಕೈಯಿಂದ ಪಾರಾಗಿ ಬಂದವರು ಕೋಟೆ ಗೆದ್ದ ಲೆಕ್ಕ.

ನಾನು ಬಿಸಿಲಿಗೆ ಕೂದಲು ಹರಡಿಕೊಂಡು ಹಿತ್ತಲಲ್ಲಿದ್ದೆ. ಒಳಗೆ ಬರುವಷ್ಟರಲ್ಲಿ ಗಾಡಿ ತಯಾರು. ಚಕ್ರಕ್ಕೊಂದು ನಿಂಬೆಹಣ್ಣು, ಹ್ಯಾಂಡಲ್ಲಿಗೆ ಚೆಂಡುಹೂವು, ಬೆಲ್ಲಿನ ಮೇಲೆ ಕುಂಕುಮ. ಫಳಫಳ. ಈ ಪಾಟಿ ಹೊಳಪು ಅಂಗಡಿಯಿಂದ ಬಂದಾಗಲೂ ಇರಲಿಲ್ಲ. ಅಣ್ಣ ಬೀದಿ ತುದಿಯಲ್ಲಿ ಬಸ್ಸು ನಿಲ್ಲಿಸಿದ್ದ. ಅವ್ವ ಬಟ್ಟಲು, ಆರತಿ ತಟ್ಟೆ ಹಿಡಿದು ಅದರೊಳಕ್ಕೂ ಹತ್ತಿದಳು. ಕ್ಲೀನರ್ ಕಾಟಪ್ಪ ಟಿಕೆಟ್ ಕೇಳಿದನಂತೆ.

ನಾಳೆಯೂ ಗಾಡಿಗೆ ರಜೆ. ನನಗೂ.


ಅಕ್ಟೋಬರ್ 26. ಸಂಜೆ

ಬಿದ್ದೆ.

ಮೊಣಕೈ ತರಚಿದೆ, ಬರೆಯೋಕೆ ಬರುತ್ತೆ. ಇಳಿಜಾರಿನ ನಡುವೆ ಬ್ರೇಕು ಹಿಡಿದೆ — ಹಿಡಿಯಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದೆ — ಸುಂಯ್ ಅಂತ ಸದ್ದು, ಅಷ್ಟೆ. ಎದುರಿಗೆ ನೀರಿನ ಕೊಡ ಹೊತ್ತ ಹೆಂಗಸರು. ಮಹಾದೇವಮ್ಮನ ಮನೆ ಮುಂದೆ ಗಾರೆ ಕೆಲಸಕ್ಕೆ ಹಾಕಿದ್ದ ಮರಳ ಗುಡ್ಡೆ ಕಣ್ಣಿಗೆ ಬಿತ್ತು. ಹ್ಯಾಂಡಲ್ ತಿರುಗಿಸಿ ಅದಕ್ಕೇ ನುಗ್ಗಿಸಿದೆ. ಗಾಡಿ ನಿಂತಿತು, ನಾನು ನಿಲ್ಲಲಿಲ್ಲ. ಇಷ್ಟು ದಿನ ಪಾಲಿಸದಿದ್ದ ಎರಡನೇ ಆಜ್ಞೆಯನ್ನೂ ಪಾಲಿಸಿದಂತಾಯಿತು.

ಯಾರಿಗೂ ತಗಲಲಿಲ್ಲ. ಅದನ್ನು ಯಾರೂ ಹೇಳಲಿಲ್ಲ. ಎದುರುಮನೆ ಕಾಳಕ್ಕ ನನ್ನ ಸೆರಗಿನ ಮರಳು ಕೊಡವುತ್ತ, “ಯಾಕವ್ವ ಬೇಕಿತ್ತು ನಿಂಗೆ ಈ ಸವಾರಿ? ಕಾಲಿಲ್ಲದೋಳು ಒಂದ್ಕಡೆ ಕುಂತಿರಬಾರ್ದಾ” ಅಂದಳು.

“ಕುಂತೇ ಹೋಗ್ತಿದ್ದೆ ಕಣಕ್ಕ. ಗಾಡೀಲಿ ನಿಂತ್ಕಂಡು ಹೋಗ್ತಾರಾ?”

ನಕ್ಕಳು. ಆದರೆ ಅಣ್ಣನಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ.

ಅಣ್ಣ ಬಂದಾಗ ಮೊದಲೇ ಬಿಸಿಯಾಗಿದ್ದ. ಹಬ್ಬಕ್ಕೆ ಕೊಂಡ ಚಪ್ಪಲಿ ಸರಿಯಿಲ್ಲವಂತೆ. ಹಿರಿಯೂರು ಸ್ಟ್ಯಾಂಡಿನಲ್ಲಿ ಬ್ರೇಕ್ ಪೆಡಲ್ ಮೇಲಿಂದ ಕಾಲು ಜಾರಿ, ಬಸ್ಸು ಶೇಂಗಾ ಮೂಟೆಯ ಎತ್ತಿನಗಾಡಿಗೆ ಇನ್ನೇನು ಗುದ್ದಬೇಕು — ನಿಂತಿತಂತೆ. “ದರಿದ್ರ ಚಪ್ಲಿ. ಕಾಟಪ್ಪನಿಗೆ ಕೊಟ್ಬಿಟ್ಟೆ.”

ಆಮೇಲೆ ನನ್ನ ಕಡೆ ತಿರುಗಿದ. ಗಾಡಿ ಅಂಗಳದಲ್ಲೇ ಇತ್ತು. ಡ್ರೈವರಾದವನು ಗಾಡಿ ನೋಡಬೇಕು. ನೋಡಲಿಲ್ಲ. ನನ್ನ ಕಾಲು ನೋಡಿದ.

ಸ್ಪ್ಯಾನರ್ ತಂದ, ಚೈನು ಬಿಚ್ಚಿದ, ಹಾಳೆಯಲ್ಲಿ ಸುತ್ತಿದ. ಬಸ್ಸಿನ ಟೂಲ್ ಬಾಕ್ಸಿನಲ್ಲಿ ಇಡುತ್ತಾನಂತೆ. ಚೈನು ಧರ್ಮಪುರಕ್ಕೆ, ನನ್ನ ಚೈನಿ ಮಣ್ಣಿಗೆ.


ಅಕ್ಟೋಬರ್ 30

ಬರೆಯುವಂಥದ್ದೇನೂ ಇರಲಿಲ್ಲ. ಕಿಟಕಿ ಇತ್ತು.

ಇವತ್ತು ಸುಮ್ಮನೆ ತೆವಳಿಕೊಂಡು ಗಾಡಿಯ ಹತ್ತಿರ ಹೋದೆ. ಮುಂದಿನ ಚಕ್ರದ ರಿಮ್ಮು — ಬ್ರೇಕಿನ ರಬ್ಬರು ಕಚ್ಚಿ ಹಿಡಿಯುವ ಜಾಗ — ಅಲ್ಲಿ ಕೆಂಧೂಳು ಸುತ್ತಲೂ ಮೆತ್ತಿಕೊಂಡಿದೆ, ಹೋಳಿಗೆಗೆ ತುಪ್ಪ ಸವರಿ ನೆಲಕ್ಕೆ ಬೀಳಿಸಿದ ಹಾಗೆ. ಬೆರಳಾಡಿಸಿದೆ. ಜಿಡ್ಡು. ಮೂಸಿದೆ.

ಹರಳೆಣ್ಣೆ.

ನಾನು ಚೈನಿಗೆ ಹಾಕುವುದು ಮಷಿನ್ ಎಣ್ಣೆ, ಅದೂ ಹನಿ. ಇದು ಬಟ್ಟಲುಗಟ್ಟಲೆ. ಹಬ್ಬದ ದಿನ ಮನೆಯವರಿಗೆಲ್ಲ ಎರೆದ ಮೇಲೆ ಬಟ್ಟಲಲ್ಲಿ ಮಿಕ್ಕಿದ್ದನ್ನು ಅವ್ವ ಗಾಡಿಗೂ ಹಚ್ಚಿದ್ದಾಳೆ. ಅದೂ ಮನೆಯ ಹೆಣ್ಣುಮಗಳಲ್ಲವೆ.

ಅವತ್ತು ಬೆಳಿಗ್ಗೆ ಬ್ರೇಕು ನೋಡಿದ್ದೆನಾ? ಇಲ್ಲ. ಹ್ಯಾಂಡಲ್ಲಿನ ಹೂವು ಬಾಡುವ ಮೊದಲೇ ಬೀದಿಗೆ ತೋರಿಸಬೇಕು ಅಂತ ಹೊರಟಿದ್ದೆ.

ಅವ್ವ ನಾನು ಬಿದ್ದಾಗಿನಿಂದ ಒಪ್ಪೊತ್ತು. ನಿಂಬೆಹಣ್ಣು ಸರಿಯಾಗಿ ಒಡೆಯಲಿಲ್ಲ, ಪೂಜೆಯಲ್ಲಿ ಲೋಪವಾಯಿತು ಅಂತ ಕೊರಗು. ಲೋಪವಾಗಿಲ್ಲ ಕಣವ್ವ, ಪೂಜೆ ಸ್ವಲ್ಪ ಜಾಸ್ತಿಯೇ ಆಗಿದೆ. ಹೇಳಿದರೆ ಗಾಡಿ ಉಳಿಯುತ್ತೆ. ಅವಳು ಊಟವನ್ನೇ ಬಿಡುತ್ತಾಳೆ.

ಹೇಳಲಿಲ್ಲ.


ನವೆಂಬರ್ 2. ಶನಿವಾರ

ಚಿತ್ರಲಿಂಗಪ್ಪನವರೇ ಮನೆಗೆ ಬಂದರು. ಕೈಯಲ್ಲಿ ಕರಡಿನ ಕಟ್ಟು. ನಾನಿಲ್ಲದೆ ಒಂದು ಪತ್ರಿಕೆ ಹೋಯಿತಂತೆ, ‘ಸಕುಟುಂಬ’ ಅಂತ ಇರಬೇಕಾದ ಕಡೆ ‘ಸಂಕಟಂಬ’.

“ಅದೂ ತಪ್ಪಲ್ಲ ಬಿಡ್ರಿ” ಅಂದೆ.

“ನಗಬ್ಯಾಡ್ರಿ ಬರಗೇರಮ್ಮ. ದೀಪಾವಳಿ ಕೆಲ್ಸ ರಾಶಿ ಬಿದ್ದೈತೆ. ಸೋಮವಾರ ನೀವು ಬರ್ಲಿಲ್ಲ ಅಂದ್ರೆ ಬ್ಯಾರೆಯೋರ್ನ ನೋಡ್ಕಬೇಕಾಗ್ತದೆ. ನಂಗೂ ಬ್ಯಾಸರನೇ.”

ಮನೆಗೇ ಕರಡು ಕಳಿಸಿದರೆ ಹೇಗೆ ಅಂತ ಅವ್ವ ಬಾಗಿಲ ಮರೆಯಿಂದ ಕೇಳಿದಳು. ಅವರು ಒಪ್ಪುವಂತಿದ್ದರು. ನಾನು ಬೇಡ ಅಂದೆ. ಮನೆಯಲ್ಲೇ ಕೂತು ಮಾಡುವುದಾದರೆ ಕರಡು ಯಾಕೆ, ಹಪ್ಪಳವೇ ಸಾಕು.

“ಸೋಮವಾರ ಬರ್ತೀನಿ. ನಾನೇ.”

ಚೈನಿಲ್ಲದ ಗಾಡಿಯನ್ನು ನೋಡಿಕೊಂಡೇ ಹೋದರು.


ನವೆಂಬರ್ 3. ಭಾನುವಾರ

ಅಣ್ಣನಿಗೆ ರಜೆ. ರೊಟ್ಟಿ ಮುಗಿಯುವವರೆಗೆ ಕಾದೆ. ಹಸಿದ ಡ್ರೈವರಿನ ಹತ್ತಿರ ವಾದ ಮಾಡಬಾರದು.

“ಅಣ್ಣ, ವರ್ಷಕ್ಕೊಂದ್ಸಲ ನಿನ್ನ ಬಸ್ಸಿಗೆ ಎಫ್.ಸಿ. ಮಾಡಿಸ್ತೀಯಲ್ಲ, ಓಡೋಕೆ ಲಾಯಕ್ಕೋ ಇಲ್ವೋ ಅಂತ. ನನ್ನ ಗಾಡಿಗೂ ಇವತ್ತು ಮಾಡು.”

“ಗಾಡಿ ನೆಟ್ಟಗೈತೆ. ಎಫ್.ಸಿ. ಆಗಬೇಕಿರೋದು ನಿಂಗೆ.”

“ನಂದು ಫೇಲಾಗಿ ಇಪ್ಪತ್ತು ವರ್ಷ ಆತು. ಅದ್ನ ಬಿಡು. ಬ್ರೇಕು ಹಿಡಿಯೋದು ಕೈ. ಕೈ ನೋಡು, ನಿನ್ನವಕ್ಕಿಂತ ದಪ್ಪ ಅವೆ.” ತೋರಿಸಿದೆ. “ಈಗ ಎದ್ದು ಆ ಮುಂದಿನ ಚಕ್ರ ಮುಟ್ಟು.”

ಎದ್ದ. ಮುಟ್ಟಿದ. ಬೆರಳು ಬೆರಳಿಗೆ ಉಜ್ಜಿದ. ಕುಂತುಬಿಟ್ಟ, ಚಕ್ರದ ಎದುರಿಗೇ.

“ಥೂ. ರಿಮ್ಮಿಗೆ ಯಾವನಾದ್ರೂ ಎಣ್ಣೆ ಹಾಕ್ತಾನಾ? ಬ್ರೇಕ್ ಹೆಂಗೆ ನಿಲ್ತದೆ? ಯಾರು ಹಾಕಿದ್ದು?”

ಅವ್ವ ಒಲೆಯ ಹತ್ತಿರ. ಬೆನ್ನು ಮಾತ್ರ ಕಾಣುತ್ತಿತ್ತು.

“ನಾನೇ” ಅಂದೆ. “ಚೈನಿಗೆ ಹಾಕುವಾಗ ಚೆಲ್ತು.”

“ನೋಡ್ದೇನವ್ವ? ಎಣ್ಣೆ ಎಲ್ಲಿಗೆ ಹಾಕ್ಬೇಕು ಅನ್ನೋದೇ ಗೊತ್ತಿಲ್ಲ, ಇವಳಿಗೆ ಗಾಡಿ ಬೇರೆ ಕೇಡು. ಮುಗೀತು ಬಿಡು.”

ಮುಗಿದೇಹೋಯಿತು ಅಂದುಕೊಂಡೆ. ಅವ್ವ ಸೌಟು ಕೆಳಗಿಟ್ಟಳು.

“ಅವಳಲ್ಲ ಕಣಪ್ಪ. ನಾನು. ಹಬ್ಬದ ದಿನ ಎಲ್ರಿಗೂ ಎರೀತೀನಿ, ಅದೊಂದಕ್ಕೆ ಯಾಕೆ ಬ್ಯಾಡ ಅಂತ ಹಚ್ಚಿದೆ. ಮೈಯೆಲ್ಲ.”

ಅಣ್ಣ ಬಾಯಿ ತೆರೆದ. ಅವ್ವ ಇನ್ನೂ ಮುಗಿಸಿರಲಿಲ್ಲ.

“ನಿನ್ನ ಬಸ್ಸಿಗೂ ಹಚ್ಚಿದೀನಿ. ನೀನು ಕಾಲಲ್ಲಿ ತುಳೀತೀಯಲ್ಲ, ಆ ಕಬ್ಬಿಣಗಳಿಗೆ. ದಿನಾ ತುಳಿಸ್ಕಂಬ್ತವೆ ಪಾಪ, ತಪ್ಪಾತು ಅಂದು ಮೂರಕ್ಕೂ ಎಣ್ಣೆ ತಿಕ್ಕಿ ನಮಸ್ಕಾರ ಮಾಡಿದೆ.”

ಅಣ್ಣ ತನ್ನ ಬಲಗಾಲನ್ನೇ ನೋಡಿಕೊಂಡ.

ನಾನು ತಡೆದುಕೊಳ್ಳಲಿಲ್ಲ. ತಡೆದುಕೊಳ್ಳುವ ಜಾತಿಯವಳಲ್ಲ. “ಅಣ್ಣ, ನಿನ್ನ ಕಾಲು ಜಾರಿದ್ದಕ್ಕೆ ಚಪ್ಲಿ ತಪ್ಪು. ನನ್ನ ಚಕ್ರ ಜಾರಿದ್ದಕ್ಕೆ ನನ್ನ ಕಾಲು ತಪ್ಪು. ನಿನ್ನ ಬಸ್ಸಿನ ಚೈನು ಯಾರು ಬಿಚ್ಕಂಡ್ ಹೋದ್ರು?”

“ಬಸ್ಸಿಗೆ ಚೈನಿರಲ್ಲ ಕಣೇ.”

“ನಿನ್ನ ಪುಣ್ಯ.”

ನಗಲಿಲ್ಲ. ಅವ್ವನನ್ನೂ ಬೈಯಲಿಲ್ಲ. ನನ್ನ ಮೊಣಕೈಯ ಗಾಯ ಒಂದು ಸಲ ನೋಡಿದ, ಕಾಲನ್ನಲ್ಲ. ಅಂಗಿ ಹಾಕಿಕೊಂಡು ಬಸ್ಸಿನ ಕಡೆ ಹೋದ.

ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊಗೆ ಅಂದಳು.

“ಹಚ್ಚಿದ್ದು ತಪ್ಪಲ್ಲವ್ವ. ಎಣ್ಣೆ ಹಚ್ಚಿದ ಮ್ಯಾಲೆ ನಮ್ಗೆಲ್ಲ ಸೀಗೆಪುಡಿ ಹಾಕಿ ಉಜ್ತೀಯ. ಅದಕ್ಕೊಂದಕ್ಕೆ ಯಾಕೆ ಬಿಟ್ಟೆ?”

ಅವ್ವ ಎದ್ದು ಹಂಡೆಗೆ ನೀರು ಹಾಕಿದಳು.

ಮಧ್ಯಾಹ್ನವೆಲ್ಲ ಗಾಡಿಗೆ ಎರೆದೆವು. ರಿಮ್ಮಿಗೆ ಸೀಗೆಪುಡಿ, ಬಿಸಿನೀರು, ತೆಂಗಿನ ನಾರು. ಬ್ರೇಕಿನ ರಬ್ಬರು ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ ಒರಟು ಮಾಡಿದೆ. ಜಿಡ್ಡು ಹೋಗುವವರೆಗೂ ಅವ್ವ ಬಿಡಲಿಲ್ಲ. ಕಾಳಕ್ಕ ಬೇಲಿಯ ಆಚೆಯಿಂದ, “ಏನ್ ಗಿರಿಯಮ್ಮ, ಗಾಡಿಗೆ ಬಾಣಂತನನಾ?” ಅಂದಳು.

“ಹೂಂ ಕಣೆ. ನಾಳೆಯಿಂದ ಓಡಾಡ್ತದೆ” ಅಂದಳು ಅವ್ವ.

ಸಂಜೆ ಅಂಗಳದ ಕಟ್ಟೆಯ ಮೇಲೆ ಹಾಳೆಯ ಪೊಟ್ಟಣವೊಂದು. ಬಿಚ್ಚಿದೆ. ಚೈನು. ಅಣ್ಣ ಇಟ್ಟು ಒಳಗೆ ಹೋಗಿದ್ದ. ಅವನ ಕೈ ಸೀಗೆಪುಡಿ ವಾಸನೆ ಹೊಡೆಯುತ್ತಿತ್ತು.


ನವೆಂಬರ್ 4. ಸೋಮವಾರ, ಎಂಟೂವರೆ

ಗಾಳಿ ಆಯಿತು. ಚೈನು ಬಿಗಿ. ಬ್ರೇಕು ಹಿಡಿದು ಗೋಡೆ ನೂಕಿದೆ — ಅಲುಗಲಿಲ್ಲ. ಆದರೂ ಇಳಿಜಾರು ಇಳಿಜಾರೇ. ಭಯ ಇದೆ. ಇರಲಿ, ಜೊತೆಗೇ ಬರಲಿ.

ಬೀದಿ ಆಗಲೇ ಬಾಗಿಲಿಗೆ ಬಂದು ನಿಂತಿದೆ. ಮಹಾದೇವಮ್ಮ ಮರಳ ಗುಡ್ಡೆ ಎತ್ತಿಸಿಬಿಟ್ಟಿದ್ದಾಳೆ. ಒಳ್ಳೆಯದೇ. ಈ ಸಲ ನಿಲ್ಲುವುದಾದರೆ ನಾನು ನಿಲ್ಲಬೇಕಾದ ಕಡೆ ನಿಲ್ಲುತ್ತೇನೆ.

ಅಣ್ಣ ಬಸ್ಸಿಗೆ ತಡವಾದರೂ ಹೊರಟಿಲ್ಲ. “ಹಿಂದೆ ಹಿಡ್ಕಂಡ್ ಬರ್ಲಾ?”

“ಬ್ಯಾಡ.”

“ಬೀಡಿ ತರೋಕೆ ಹೋಗ್ತಿದೀನಿ. ಅದೇ ದಾರಿ.” ಜೇಬಿನಲ್ಲಿ ಬೀಡಿ ಕಟ್ಟು ಇಣುಕುತ್ತಿದೆ.

ಕಿಟಕಿಯಿಂದ ಕಾಣುತ್ತಿದೆ: ಅವ್ವ ಗಾಡಿಯ ಮುಂದೆ ಬಗ್ಗಿ ಚಕ್ರದ ಸುತ್ತ ಬೆರಳಾಡಿಸುತ್ತಿದ್ದಾಳೆ. ಮೂಸುತ್ತಿದ್ದಾಳೆ. ಮತ್ತೊಂದು ಸಲ. ಈಗ ಬ್ರೇಕು ಹಿಡಿದು ತಾನೇ ನೂಕುತ್ತಿದ್ದಾಳೆ, ಸೊಂಟಕ್ಕೆ ಸೆರಗು ಸಿಕ್ಕಿಸಿ. ಅಲುಗುತ್ತಿಲ್ಲ. ತಲೆಯಾಡಿಸಿದಳು — ಎಫ್.ಸಿ. ಆಯಿತು.

ಬೆಲ್ಲು ಹೊಡೆಯುತ್ತಿದ್ದಾಳೆ. ಬಂದೆ ಕಣವ್ವ. ಅಣ್ಣನಿಗೆ ಒಂದು ಮಾತು ಹೇಳಿಯೇ ಹೊರಡಬೇಕು, ನನ್ನ ಹಿಂದೆ ಬರೋದಾದರೆ ದೂರ ಬಿಟ್ಟು ಬಾ, ನಾನು ಬ್ರೇಕು ಹಿಡಿದರೆ ಗಾಡಿ ಈಗ ನಿಲ್ಲುತ್ತೆ.