ಒಣ ಟವೆಲ್, ಒದ್ದೆ ಟವೆಲ್

ಹಡಗಿನಿಂದ
ಹದಿನೈದನೇ ತಾರೀಖು, ಬುಧವಾರ
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಡ್ರೈವರಣ್ಣನಿಗೆ,

ನಿನ್ನ ಕಂಡಕ್ಟರ್ ಮಾಡುವ ನಮಸ್ಕಾರಗಳು. ಪಕ್ಕದಲ್ಲಿ ಕೂತು ಇದನ್ನು ಓದಿ ಹೇಳುತ್ತಿರುವ ಅತ್ತಿಗೆಗೂ ನಮಸ್ಕಾರ. ಅತ್ತಿಗೆ, ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಎಂದು ಬೈಯಬೇಡಿ. ಓಡುವ ಬಸ್ಸಿನಲ್ಲಿ ನಿಂತು ಬರೆದು ರೂಢಿಯಾದ ಕೈ ಇದು, ಸಾಲದ್ದಕ್ಕೆ ಹಡಗೂ ಅಲ್ಲಾಡುತ್ತಿದೆ. ತಿಳಿಯದ ಕಡೆ ಊಹೆ ಮಾಡಿಕೊಂಡು ಓದಿ. ಆದರೆ ಒಂದು ಸಾಲನ್ನೂ ಬಿಡಬೇಡಿ.

ದಿನಕ್ಕೊಂದು ಪತ್ರ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದವಳು ಐದನೇ ದಿನಕ್ಕೆ ಮೊದಲನೆಯದನ್ನು ಬರೆಯುತ್ತಿದ್ದೇನೆ, ತಪ್ಪಾಯಿತಣ್ಣ. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ. ಇಲ್ಲಿ ಪುರುಸೊತ್ತು ಬಿಟ್ಟರೆ ಬೇರೇನೂ ಇಲ್ಲ. ಬರೆಯಲು ಕೂತಾಗಲೆಲ್ಲ ಒಂದು ಮಾತು ಪೆನ್ನಿಗೆ ಅಡ್ಡ ನಿಲ್ಲುತ್ತಿತ್ತು. ಅದನ್ನು ಕೊನೆಗೆ ಹೇಳುತ್ತೇನೆ, ಇರು.

ಮೊದಲು ನಿನಗೆ ಥ್ಯಾಂಕ್ಸ್ ಹೇಳಬೇಕು. ಈ ಹಡಗಿನ ಹುಚ್ಚು ಹಿಡಿಸಿದ್ದು ನೀನೇ ಅಲ್ಲವಾ? ಹನ್ನೊಂದನೇ ನಂಬರ್ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ನೀನು ಸ್ಟೇರಿಂಗ್ ತಿರುಗಿಸಿದೆ, ನಾನು ಹಿಂದೆ ಚೀಲ ನೇತುಹಾಕಿಕೊಂಡು ನಿಂತೆ. ಟ್ರಿಪ್ಪಿನ ನಡುವೆ ಟೀ ಕುಡಿಯುವಾಗ ಸಾವಿರ ಸಲ ಹೇಳಿರಬೇಕು ನೀನು: "ರಿಟೈರಾದ ಮೇಲೆ ಬೇರೆಯವ್ರು ಓಡಿಸೋ ಗಾಡೀಲಿ ಕಾಲು ಚಾಚ್ಕೊಂಡು ಮಲಗಬೇಕು ಕಣಮ್ಮ. ಬ್ರೇಕು ಎಲ್ಲಿದೆ ಅಂತಾನೂ ನಂಗೆ ಗೊತ್ತಿರಬಾರದು." ನಾಲ್ವರಿಗೂ ಟಿಕೆಟ್ ಆಯಿತು. ಆ ತಿಂಗಳೇ ನಿನ್ನ ಬಲಗೈ, ಬಲಗಾಲು, ನಾಲಿಗೆ ಮೂರೂ ಒಂದೇ ದಿನ ಮುಷ್ಕರ ಹೂಡಿದವು. ನಾನೂ ಹೋಗುವುದಿಲ್ಲ ಎಂದು ಹಟ ಹಿಡಿದೆ. ನೀನು ಸ್ಲೇಟು ತರಿಸಿಕೊಂಡು ಎಡಗೈಯಲ್ಲಿ "ಹೋಗು" ಎಂದು ಬರೆದೆ. ಎರಡೇ ಎರಡು ಅಕ್ಷರಕ್ಕೆ ನಿನ್ನ ಹಣೆಯ ಮೇಲೆ ಬೆವರು ಬಂದಿತ್ತು. ಅದನ್ನು ನೋಡಿ ಮನೆಗೆ ಹೋಗಿ ಪೆಟ್ಟಿಗೆ ಕಟ್ಟಿದೆ. ನೀನು ಅದನ್ನು ಬರೆಯದಿದ್ದರೆ ನಾನು ಇಷ್ಟು ನೀರನ್ನು ನೋಡದೆಯೇ ಸಾಯುತ್ತಿದ್ದೆ.

ನಮ್ಮ ಯಜಮಾನರು ಚೆನ್ನಾಗಿದ್ದಾರೆ. ವಾಚು ರಿಪೇರಿ ಮಾಡಿದವರ ಕಿವಿ ನೋಡು, ಹಡಗಿನ ಇಂಜಿನ್ನು ಸ್ವಲ್ಪ ಸ್ಲೋ ಇದೆ ಎಂದು ಮೊದಲ ದಿನವೇ ತೀರ್ಪು ಕೊಟ್ಟರು. ನಮ್ಮ ರೂಮು ಬಸ್ಸಿನ ಕೊನೇ ಸೀಟಿನಷ್ಟೇ ಅಗಲ. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾವು ಇಷ್ಟು ಹತ್ತಿರ ಇದ್ದದ್ದು ಇದೇ ಮೊದಲು, ಇನ್ನೂ ಜಗಳವಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹತ್ತನೇ ಅಂತಸ್ತಿನಲ್ಲಿ ಒಂದು ಈಜುಕೊಳ ಇದೆ. ಸುತ್ತಲೂ ಬಿಸಿಲಿಗೆ ಮಲಗಲು ಉದ್ದನೆಯ ಒರಗುಕುರ್ಚಿಗಳು, ಒಟ್ಟು ತೊಂಬತ್ತಾರು. ಎಣಿಸಿದೆ, ಎಣಿಸದೆ ಇರುವುದು ನನ್ನ ಕೈಲಾಗುತ್ತದಾ? ಎರಡನೇ ದಿನ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಹೋದರೆ ತೊಂಬತ್ತಾರರ ಮೇಲೂ ಟವೆಲ್ ಬಿದ್ದಿದೆ. ತಲೆ ಎಣಿಸಿದರೆ ಒಂಬತ್ತು! ಮಿಕ್ಕವರು ಟವೆಲ್ ಹಾಕಿ, ವಾಪಸ್ ಹೋಗಿ ನಿದ್ದೆ ಹೊಡೆಯುತ್ತಿದ್ದರು. ಒಂದು ಕುರ್ಚಿಯ ಮೇಲೆ ಪುಸ್ತಕ, ಒಂದರ ಮೇಲೆ ಒಂಟಿ ಚಪ್ಪಲಿ, ಇನ್ನೊಂದರ ಮೇಲೆ ಬರೀ ಒಂದು ಬಾಳೆಹಣ್ಣು. ಬಾಳೆಹಣ್ಣು ಸೀಟು ಹಿಡಿದದ್ದನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ನನ್ನ ಮೈ ಹೇಗೆ ಉರಿದಿರಬೇಕು, ನೀನೇ ಹೇಳು. ಸ್ಟಾಪಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನಾನು ಒಂದು ದಿನವೂ ಸಹಿಸಿದವಳಲ್ಲ. "ಬಟ್ಟೆಗೆ ಟಿಕೆಟ್ ಇದೆಯೇನ್ರೀ?" ಎಂದು ಎತ್ತಿ ಅವರ ಕೈಗೇ ಕೊಡುತ್ತಿದ್ದೆ. ನೀನು ಕನ್ನಡಿಯಲ್ಲಿ ನೋಡುತ್ತಾ, "ಇರ್ಲಿ ಬಿಡಮ್ಮ, ಯಾರೋ ಬರ್ತಾರೆ ಅಂತ ನಂಬ್ಕೊಂಡು ಹಾಕಿರ್ತಾರೆ" ಎನ್ನುತ್ತಿದ್ದೆ. "ಬಂದ್ಮೇಲೆ ಕೂರ್ಲಿ" ಎನ್ನುತ್ತಿದ್ದೆ ನಾನು. ಇಪ್ಪತ್ತೆರಡು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಇದೊಂದೇ ಜಗಳ.

ಇಲ್ಲಿ ಟವೆಲ್ ಕೊಡುವ ಕಟ್ಟೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ನಾನು ಟವೆಲಮ್ಮ ಎಂದೇ ಕರೆಯುವುದು. ಮಕ್ಕಳನ್ನು ತಂಗಿಯ ಹತ್ತಿರ ಬಿಟ್ಟು ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆಯೇ ಇರುತ್ತಾಳಂತೆ. ಅವಳ ಹತ್ತಿರ ಹೋಗಿ ದಬಾಯಿಸಿದೆ. ಪಾಪ, ನಕ್ಕಳು. "ರೂಲ್ಸ್ ಇದೆಯಮ್ಮಾ. ಅರ್ಧ ಗಂಟೆ ಯಾರೂ ಬರದಿದ್ರೆ ಎತ್ತಬೋದು. ನಾನು ಟೈಮ್ ಬರೆದು ಚೀಟಿ ಅಂಟಿಸ್ತೀನಿ. ಆದ್ರೆ ಎತ್ತೋಕೆ ಮುಂಚೆ ಟವೆಲ್ ಮುಟ್ಟಿ ನೋಡ್ತೀನಿ. ಒಣಗಿದ್ರೆ ಸುಳ್ಳು ಟವೆಲ್, ಬರೀ ಜಾಗ ಹಿಡಿಯೋಕೆ ಹಾಕಿದ್ದು. ಒದ್ದೆ ಇದ್ರೆ ನಿಜದ್ದು. ಯಾರೋ ಇಲ್ಲೇ ಇದ್ರು, ಮತ್ತೆ ಬರ್ತಾರೆ ಅಂತ ಅರ್ಥ. ಅದಕ್ಕೆ ನಾನು ಕೈ ಹಾಕಲ್ಲ" ಎಂದಳು. ನೋಡಿದೆಯಾ, ಎಲ್ಲ ಕೆಲಸಕ್ಕೂ ಅದರದೇ ವಿದ್ಯೆ ಇರುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಮೂರನೇ ದಿನ ನಾನೇ ಡ್ಯೂಟಿಗೆ ಹತ್ತಿಬಿಟ್ಟೆ. ಟವೆಲಮ್ಮ ಚೀಟಿ ಅಂಟಿಸಿದಳು, ನಮ್ಮ ಯಜಮಾನರು ವಾಚು ಹಿಡಿದು "ಆಯ್ತು" ಎಂದರು, ನಾನು ಟವೆಲ್ ಎತ್ತಿದೆ. ಇಪ್ಪತ್ತೊಂದು ಕುರ್ಚಿ ಖಾಲಿ ಮಾಡಿಸಿ ನಿಂತವರನ್ನು ಕೂರಿಸಿದೆವು. ಒಂಬತ್ತೂವರೆಗೆ ಕೆಂಪು ಟೋಪಿಯ ಹೆಂಗಸೊಬ್ಬಳು ಬಂದು ಬಾಳೆಹಣ್ಣು ಎಲ್ಲಿ ಎಂದು ಕೂಗಾಡಿದಳು. "ನಿಮ್ಮ ಹಣ್ಣಿಗೆ ಬಿಸಿಲು ತಡೀಲಿಲ್ಲ, ನೆರಳಿಗೆ ಹೋಯ್ತು" ಎಂದೆ. ಕೊಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಣ್ಣ! ಸಂಜೆಯ ಹೊತ್ತಿಗೆ ಹಡಗಿಗೆಲ್ಲ ನಾನು "ಕಂಡಕ್ಟರಮ್ಮ" ಆಗಿದ್ದೆ. ರಿಟೈರಾದ ಮೇಲೆ ಮೊದಲ ಸಲ ಬೆನ್ನು ನೆಟ್ಟಗಾಯಿತು. ಸುಳ್ಳು ಯಾಕೆ ಹೇಳಲಿ, ಕೋಡು ಮೂಡಿತ್ತು ನನಗೆ.

ನಿನ್ನೆ ಆ ಕೋಡು ಮುರಿಯಿತು. ಕಂಬಿಯ ಪಕ್ಕದ ಮೂಲೆಯಲ್ಲಿ ಒಂದು ಕುರ್ಚಿ, ಅದರ ಮೇಲೆ ಹರಡಿದ ಟವೆಲ್, ಒಂದು ಕನ್ನಡಕದ ಪೆಟ್ಟಿಗೆ. ಯಜಮಾನರು ಮೂವತ್ತೆರಡು ನಿಮಿಷ ಎಂದರು. ಟವೆಲಮ್ಮ ಕೆಳಗೆ ಒಗೆದ ಬಟ್ಟೆ ತರಲು ಹೋಗಿದ್ದಳು. ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಜಾಗ ಹುಡುಕುತ್ತಿದ್ದಳು. ನಾನು ಹಿಂದೆ ಮುಂದೆ ನೋಡದೆ ಟವೆಲ್ ಸುತ್ತಿ ಕಂಕುಳಿಗೆ ಇಟ್ಟು, "ರೈಟ್, ಕೂತ್ಕೊಳಮ್ಮ" ಎಂದೆ. ಕಂಕುಳು ತಣ್ಣಗಾಯಿತು. ಟವೆಲ್ ಒದ್ದೆಯಾಗಿತ್ತು. ಗೊತ್ತಾದ ಮೇಲೂ ನಾನು ವಾಪಸ್ ಹಾಕಲಿಲ್ಲ. ಅಷ್ಟು ಜನರ ಮುಂದೆ ಕಂಡಕ್ಟರಮ್ಮನ ಮಾತು ಹಿಂದೆ ಹೋಗುವುದುಂಟೇ?

ಹತ್ತು ನಿಮಿಷದ ಮೇಲೆ ಒಬ್ಬ ಮುದುಕರು ಬಂದರು. ನಾಲ್ಕು ಕಾಲಿನ ಊರುಗೋಲನ್ನು ಮುಂದಿಟ್ಟು, ಆಮೇಲೆ ಎಡಗಾಲು, ಆಮೇಲೆ ಬಲಗಾಲನ್ನು ಎಳೆದುಕೊಂಡು. ಆ ಬಲಗಾಲಿಗೆ ಏನಾಗಿತ್ತೆಂದು ನಿಮ್ಮ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಮಗುವನ್ನು ನೋಡಿದರು, ನನ್ನ ಕಂಕುಳಲ್ಲಿ ತಮ್ಮ ಟವೆಲ್ ನೋಡಿದರು. ಬೈಯುತ್ತಾರೆ ಎಂದು ನಾನು ಸೊಂಟ ಕಟ್ಟಿ ನಿಂತೆ. ಅವರು ಕೈ ಮುಗಿಯುವವರ ಹಾಗೆ ತಲೆ ಬಗ್ಗಿಸಿ, "ತಪ್ಪು ನಂದೇ ತಾಯಿ. ಬಾತ್‌ರೂಮಿಗೆ ಹೋಗಿ ಬರೋಕೆ ನಂಗೆ ನಲವತ್ತು ನಿಮಿಷ ಬೇಕು. ಹೋದ ವರ್ಷ ಹಾಸಿಗೇನೇ ಬಿಟ್ಟಿರ್ಲಿಲ್ಲ ನೋಡಿ, ಈ ನಲವತ್ತೇ ನಂಗೆ ದೊಡ್ಡದು. ಮಗು ಮಲಗ್ಲಿ" ಎಂದರು.

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಹಡಗಿನಲ್ಲಿ ಭೂಮಿ ಎಲ್ಲಿಂದ ಬರಬೇಕು? ಅವರ ತೋಳು ಹಿಡಿದು ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಮಲಗಿಸಿದೆ. ನಮ್ಮ ಯಜಮಾನರು ವಾಚನ್ನು ಜೇಬಿಗೆ ಹಾಕಿಕೊಂಡರು, ನನ್ನ ಮುಖ ಮಾತ್ರ ನೋಡಲಿಲ್ಲ. ನಾನು ರೂಮಿಗೆ ಬಂದು ಕದ ಹಾಕಿಕೊಂಡು ಅತ್ತೆ.

ಇವತ್ತು ಬೆಳಿಗ್ಗೆ ಮೇಲೆ ಹೋಗುವ ಮುಖವೇ ಇರಲಿಲ್ಲ. ಯಜಮಾನರು ಬಲವಂತ ಮಾಡಿ ಎಂಟೂವರೆಗೆ ಕರೆದುಕೊಂಡು ಹೋದರು. ಹೋಗಿ ನೋಡಿದರೆ ಮೂಲೆಯಲ್ಲಿ ಆ ಮುದುಕರು ಒಂದು ಕುರ್ಚಿಯಲ್ಲಿ ಮಲಗಿದ್ದಾರೆ, ಪಕ್ಕದ ಎರಡು ಕುರ್ಚಿಗಳಿಗೆ ಊರುಗೋಲನ್ನು ಅಡ್ಡ ಇಟ್ಟಿದ್ದಾರೆ. ಎರಡರ ಮೇಲೂ ಟವೆಲ್. ಕೆಂಪು ಟೋಪಿ ಎದುರಿಗೆ ನಿಂತು, "ಒಂದೂಕಾಲು ಗಂಟೆ ಆಯ್ತು, ಮೊನ್ನೆ ನಮಗೊಂದು ರೂಲ್ಸು, ಇವತ್ತು ನಿಮಗೊಂದಾ?" ಎಂದು ಜಗಳಕ್ಕೆ ನಿಂತಿದ್ದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮುದುಕರು, "ಬರ್ತಾರಮ್ಮ, ಬರ್ತಾರೆ" ಎಂದು ಅದೊಂದನ್ನೇ ಹೇಳುತ್ತಿದ್ದರು. ಟವೆಲಮ್ಮ ಚೀಟಿ ಅಂಟಿಸುವ ಬದಲು ಆಚೆ ತಿರುಗಿಕೊಂಡು ಟವೆಲ್ ಮಡಿಸುತ್ತಿದ್ದಳು.

ನಾನು ಹತ್ತಿರ ಹೋಗಿ ಕುರ್ಚಿಯ ಟವೆಲ್ ಮುಟ್ಟಿ ನೋಡಿದೆ. ಒದ್ದೆ! "ಒಣಗಿದ್ರೆ ಎತ್ತಿಬಿಡ್ತಾರೆ ಅಂತ ಟವೆಲಮ್ಮ ಹೇಳಿದ್ಳು. ಅದಕ್ಕೇ ಆಗಾಗ ಬಾಟ್ಲಿ ನೀರು ಚಿಮುಕಿಸ್ತಿದ್ದೆ" ಎಂದರು ಮುದುಕರು, ಕಳ್ಳನಗೆ ನಕ್ಕು. ತಮ್ಮ ಜಾಗ ಕಿತ್ತುಕೊಂಡವಳಿಗೆ ಜಾಗ ಕಾಯ್ದಿದ್ದರು. ಕೆಂಪು ಟೋಪಿಯವಳಿಗೆ ಒಂದು ಕುರ್ಚಿ ಬಿಟ್ಟುಕೊಟ್ಟು, ಮೊನ್ನೆ ಆಡಿದ್ದಕ್ಕೆ ಕ್ಷಮೆ ಕೇಳಿದೆ. ಅವಳು ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟಳು. ನಾವು ಗಂಡ ಹೆಂಡತಿ ಉಳಿದ ಒಂದರಲ್ಲೇ ಒತ್ತಿಕೊಂಡು ಕೂತು ಸಮುದ್ರ ನೋಡಿದೆವು. ಇಷ್ಟು ಒಳ್ಳೆಯ ಬೆಳಗನ್ನು ನನಗೆ ಯಾಕೆ ಕೊಟ್ಟರೋ, ಯಾರು ಕೊಟ್ಟರೋ, ಎಲ್ಲರಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಎಲ್ಲರಿಗಿಂತ ಮೊದಲು ನಿನಗೆ.

ಮುದುಕರ ಮಾತನ್ನು ಮರೆಯಬೇಡ, ಹೋದ ವರ್ಷ ಅವರೂ ಹಾಸಿಗೆ ಬಿಟ್ಟಿರಲಿಲ್ಲ. ಕಾಲಿನ ವ್ಯಾಯಾಮ ಮಾಡಿಸಲು ಬರುವವನನ್ನು ಬೈದು ಓಡಿಸಬೇಡ. ಮಾತು ಬರದಿದ್ದರೂ ನೀನು ಕಣ್ಣಲ್ಲೇ ಬೈಯುತ್ತೀಯ ಎಂದು ಅತ್ತಿಗೆ ಹೇಳಿದ್ದಾರೆ. ಅತ್ತಿಗೆ, ನೀವೂ ಸ್ವಲ್ಪ ಹೊತ್ತು ಕಾಲು ಚಾಚಿ. ನಿಮ್ಮಿಬ್ಬರನ್ನೂ ದೇವರು ತಣ್ಣಗೆ ಇಟ್ಟಿರಲಿ. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ತಿಳಿಸಿ. ನಾಳೆ ಹಡಗು ಬಂದರಿನಲ್ಲಿ ನಿಲ್ಲುತ್ತದೆ, ಅಲ್ಲೇ ಇದನ್ನು ಡಬ್ಬಿಗೆ ಹಾಕುತ್ತೇನೆ.

ಸದ್ಯಕ್ಕೆ ಹೋಲ್ಡಾನ್ ಅಣ್ಣ.

ಇಂತಿ ನಿನ್ನ,
ಹನ್ನೊಂದನೇ ನಂಬರ್ ಕಂಡಕ್ಟರ್

ತಾ.ಕ.: ಅತ್ತಿಗೆ, ಇದನ್ನೂ ಗಟ್ಟಿಯಾಗಿಯೇ ಓದಿ. ಅಣ್ಣ, ನೀನು ಆಸ್ಪತ್ರೆ ಸೇರಿದ ಮೇಲೆ ಒಂಬತ್ತು ದಿನ ನಾನು ಬರಲಿಲ್ಲ. ಜ್ವರ ಎಂದು ಹೇಳಿಕಳಿಸಿದ್ದೆ. ಜ್ವರ ಇರಲಿಲ್ಲ ಅಣ್ಣ. ಮೂರು ಸಲ ವಾರ್ಡಿನ ಬಾಗಿಲ ತನಕ ಬಂದಿದ್ದೆ. ಗಾಜಿನಲ್ಲಿ ನಿನ್ನ ಬಲಗೈ ಹಾಸಿಗೆಯ ಮೇಲೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ನಮ್ಮೆಲ್ಲರನ್ನೂ ಇಪ್ಪತ್ತೆರಡು ವರ್ಷ ಸುರಕ್ಷಿತವಾಗಿ ಮನೆ ಮುಟ್ಟಿಸಿದ ಕೈ. ನೋಡಲಾಗದೆ ಮೂರು ಸಲವೂ ತಿರುಗಿ ಬಸ್ ಹತ್ತಿದೆ. ಹತ್ತನೇ ದಿನ ಒಳಗೆ ಬಂದಾಗ ನಿನ್ನ ಮಂಚದ ಪಕ್ಕದ ಕುರ್ಚಿಯ ಮೇಲೆ ನಿನ್ನ ಟವೆಲ್ ಇತ್ತು. ಯಾರದೆಂದು ಕೇಳದೆ, ಅಭ್ಯಾಸಬಲದಿಂದ, ಎತ್ತಿ ಪಕ್ಕಕ್ಕೆ ಬಿಸಾಕಿ ಕೂತೆ. ಆಚೆ ಬಂದ ಮೇಲೆ ಅತ್ತಿಗೆ ಹೇಳಿದರು: "ಒಂಬತ್ತು ದಿನ ಎಡಗೈಲಿ ತಾನೇ ಹಾಕ್ಕೋತಿದ್ರು. ಮಗಳನ್ನೂ ಕೂರೋಕೆ ಬಿಡ್ಲಿಲ್ಲ. ನೀನು ಬರ್ತೀಯ ಅಂತ."

ಹಡಗಿನ ರೂಲ್ಸು ಅರ್ಧ ಗಂಟೆ. ನೀನು ಒಂಬತ್ತು ದಿನ ಕಾದೆ. ಇದನ್ನು ಎದುರಿಗೆ ಹೇಳುವ ಧೈರ್ಯ ನನಗೆ ಇರಲಿಲ್ಲ, ಅದಕ್ಕೇ ಇಷ್ಟು ದೂರ ಬಂದು ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕು, ಶುಕ್ರವಾರ ಬೆಳಿಗ್ಗೆ ಹಡಗು ದಡ ಸೇರುತ್ತದೆ. ಮನೆಗೆ ಹೋಗುವುದಿಲ್ಲ, ಪೆಟ್ಟಿಗೆ ಸಮೇತ ನೇರ ನಿನ್ನ ಹತ್ತಿರ. ಅವತ್ತು ಒಂದು ಟವೆಲ್ ಒದ್ದೆ ಮಾಡಿಸಿ ಪಕ್ಕದ ಕುರ್ಚಿಗೆ ಹಾಕಿಸು. ಅದು ಒಣಗುವುದರೊಳಗೆ ಬಂದಿರುತ್ತೇನೆ.