ಒಂದೇ ಸೀಟು

ಅಕ್ಕಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನಮ್ಮ ಸಂಗೀತ ಶಾಲೆಯಲ್ಲಿ ಮಕ್ಕಳ ವಿಭಾಗದ ಪ್ರವೇಶ ಪರೀಕ್ಷೆಯಿತ್ತು. ಪಿಟೀಲಿಗೆ ಇದ್ದದ್ದು ಒಂದೇ ಸೀಟು. ಕೊನೆಯ ಸುತ್ತಿಗೆ ಬಂದವರು ಒಂದೇ ಮನೆಯ ಅಕ್ಕತಂಗಿಯರು. ದೊಡ್ಡವಳಿಗೆ ಹದಿನಾಲ್ಕು ವರ್ಷ. ಹಿಂದಿನ ಸುತ್ತಿನಲ್ಲಿ ಅವಳು ನುಡಿಸಿದಾಗ ನಾನು ಅಂಕ ಹಾಕುವುದನ್ನೇ ಮರೆತು ಕೂತಿದ್ದೆ.

ಇವತ್ತು ಅವಳು ಅದನ್ನೇ ನುಡಿಸುತ್ತಾ, ತೀರಾ ಸುಲಭದ ಜಾಗದಲ್ಲಿ ಅಪಸ್ವರ ಹಿಡಿದಳು. ಮುಖದಲ್ಲಿ ಒಂದಿಷ್ಟೂ ಗಾಬರಿಯಿರಲಿಲ್ಲ.

"ಇನ್ನೊಂದ್ಸಲ ನುಡಿಸಮ್ಮ," ಅಂದೆ.

ಅದೇ ಜಾಗದಲ್ಲಿ ಅದೇ ತಪ್ಪು.

ಆಮೇಲೆ ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿದೆ. "ಬೇಕಂತಲೇ ತಪ್ಪು ಮಾಡಿದ್ಯಾ?"

"ಇಲ್ಲ ಮೇಡಂ, ಕೈ ಜಾರ್ತು." ಅವಳ ಕಣ್ಣು ಬೆಂಚಿನ ಮೇಲೆ ಕೂತಿದ್ದ ತಂಗಿಯ ಕಡೆಗಿತ್ತು. "ಅವಳು ಚೆನ್ನಾಗಿ ನುಡಿಸಿದ್ಲು ಅಲ್ವಾ?"

ನಾನು ಮತ್ತೆ ಕೆದಕಲಿಲ್ಲ. ಪಟ್ಟಿಯಲ್ಲಿ ಚಿಕ್ಕವಳ ಹೆಸರು ಬರೆದೆ. ಅವಳು ಖುಷಿಯಲ್ಲಿ ತನ್ನ ಪಿಟೀಲಿನ ಪೆಟ್ಟಿಗೆಯನ್ನು ಅಕ್ಕನ ಕೈಗೆ ತುರುಕಿ, ಅಮ್ಮನಿಗೆ ಹೇಳಲು ಓಡಿದಳು. ದೊಡ್ಡವಳು ಎರಡೂ ಪೆಟ್ಟಿಗೆ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದಳು.

ನಾವಿಬ್ಬರೂ ಇದೇ ಪರೀಕ್ಷೆಗೆ ಕೂತ ದಿನ, ಅಪ್ಪ ಬೈದಾಗ ನೀನೂ ಕೈ ಜಾರಿತು ಅಂದಿದ್ದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಸೀಟು ನನಗೆ ಸಿಕ್ಕಿತ್ತು, ಹಾಗಾಗಿ ನಾನೇನೂ ಕೇಳಲಿಲ್ಲ. ಅದಾದ ಮೇಲೆ ನಲವತ್ತು ವರ್ಷ ನೀನು ನನ್ನ ಜೊತೆಗೇ ಇದ್ದೆ, ಅಕ್ಕಾ. ಆಗಲೂ ಕೇಳಲಿಲ್ಲ.