ಇಂದಿರಾನಗರದ ಅಂಗಡಿಯ ಕುಲಾವಿ

ಅತ್ತೆ,

ನೀವು ಬೈಯಬೇಕಾಗಿತ್ತು, ಬೈಯಲಿಲ್ಲ. ಅದಕ್ಕೇ ಈ ಕಾಗದ.

ಹಲಸೂರಿನ ನಮ್ಮ ಮನೆಯ ಬೀರುವಿನಲ್ಲಿ ಕೆಳಗಿನ ಖಾನೆ ಪೂರ್ತಿ ನಿಮ್ಮ ಕುಲಾವಿಗಳದ್ದೇ. ಉಟ್ಟು ಉಟ್ಟು ಮೆತ್ತಗಾದ ವಾಯಿಲ್ ಸೀರೆಗಳನ್ನು ಕತ್ತರಿಸಿ, ಕೈಯಲ್ಲೇ ಹೊಲಿದು, ಇನ್ನೂ ಹುಟ್ಟದ ಯಾರದೋ ಮಕ್ಕಳ ತಲೆಗೆಂದು ಡಜನ್‌ಗಟ್ಟಲೆ ಮಾಡಿಡುತ್ತಿದ್ದಿರಿ. ಕಟ್ಟುವ ಲಾಡಿ ಮಾತ್ರ ಹಚ್ಚುತ್ತಿರಲಿಲ್ಲ. "ಹುಟ್ಟೋಕ್ ಮುಂಚೆ ಪೂರ್ತಿ ಹೊಲೀಬಾರ್ದು ಕಣಮ್ಮ. ಮಗು ಬರ್ಲಿ, ಲಾಡಿ ಎಷ್ಟೊತ್ತಿನ ಕೆಲ್ಸ?" ಎನ್ನುತ್ತಿದ್ದಿರಿ. ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ನೀವು ಬರಿಗೈಯಲ್ಲಿ ಹೋದದ್ದಿಲ್ಲ.

ನಸ್ರೀನ್‌ಗೆ ಮಗುವಾದ ದಿನ ನೆನಪಿದೆ. ನನ್ನ ಆಫೀಸಿನ ಗೆಳತಿ ಎಂದ ಕೂಡಲೇ ಹಳದಿ ಕುಲಾವಿಯೊಂದನ್ನು ತೆಗೆದು, ಲಾಡಿ ಹಚ್ಚಿ ಕೊಟ್ಟಿರಿ. ನನಗೋ, ಹಳೇ ಸೀರೆ ಬಟ್ಟೆ ಅಂದುಕೊಂಡಾರು ಎಂಬ ಸಂಕೋಚ. ಇಂದಿರಾನಗರದ ದುಬಾರಿ ಅಂಗಡಿಯೊಂದರ ಕಾಗದದ ಚೀಲ ಮನೆಯಲ್ಲಿತ್ತು, ಅದರಲ್ಲಿ ಹಾಕಿಕೊಂಡು ಹೋದೆ. ಅಲ್ಲಿದ್ದ ಆಫೀಸಿನವರೆಲ್ಲ ಹೊಗಳಿದಾಗ ಸುಮ್ಮನಾದರೂ ಇರಬಹುದಿತ್ತಲ್ಲ? "ಅಲ್ಲೇ ತಗೊಂಡೆ" ಎಂದುಬಿಟ್ಟೆ.

ಆಮೇಲೆ ಅವಳು ಫ್ರೇಜರ್ ಟೌನಿನಿಂದ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದ ಆ ಮಧ್ಯಾಹ್ನ... ಮಗುವಿನ ತಲೆಯ ಮೇಲೆ ಅದೇ ಹಳದಿ. "ನೋಡಿ ಆಂಟಿ, ನಿಮ್ ಸೊಸೆ ಇಂದಿರಾನಗರದ ಅಂಗ್ಡೀಲಿ ತಂದಿದ್ದು. ಎಷ್ಟು ಸಾಫ್ಟ್ ಅಲ್ವಾ?" ಎಂದಳು. ನೀವು ನನ್ನ ಕಡೆ ನೋಡಲೂ ಇಲ್ಲ. "ಚೆನ್ನಾಗಿದೆ ಕಣಮ್ಮ. ಒಳ್ಳೆ ಬಟ್ಟೇನೇ ಹಾಕಿದ್ದಾರೆ" ಎಂದಿರಿ. ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿಕೊಂಡೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇವತ್ತು ಕೇಳುತ್ತೀರಿ, ನಾಳೆ ಕೇಳುತ್ತೀರಿ ಎಂದು ವಾರಗಟ್ಟಲೆ ಕಾದೆ. ನೀವು ಆ ಮಾತೇ ಎತ್ತಲಿಲ್ಲ. ಆಫೀಸಿನಲ್ಲಿ ಇನ್ನೊಬ್ಬಳಿಗೆ ಮಗುವಾಯಿತು ಎಂದಾಗ ಮಾತ್ರ, ಬೀರುವಿನ ಕಡೆ ಹೋಗದೆ, "ಅಂಗ್ಡಿಯಿಂದ್ಲೇ ತಗೊಂಡ್ಹೋಗಮ್ಮ, ನಿನಗೆ ಸಲೀಸು" ಎಂದಿರಿ. ಆ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ತಪ್ಪಾಯಿತು ಅತ್ತೆ ಅನ್ನಬೇಕೆಂದು ಎಷ್ಟು ಸಲ ನಿಮ್ಮ ಕೋಣೆಯ ಬಾಗಿಲವರೆಗೆ ಬಂದು... ಅಷ್ಟರಲ್ಲಿ ನೀವೇ ಹೊರಟುಬಿಟ್ಟಿರಿ.

ಮೊನ್ನೆ ಭಾನುವಾರ ನಸ್ರೀನ್ ಮನೆಗೆ ಹೋಗಿದ್ದೆ. "ಆ ಕುಲಾವಿ ನಮ್ಮತ್ತೆ ಹೊಲಿದಿದ್ದು ಕಣೇ. ನಾನು ಸುಳ್ಳು ಹೇಳಿದ್ದೆ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಗೊತ್ತು ಕಣೇ. ಅವತ್ತು ನೀನು ಕಾಫಿ ಮಾಡ್ತಿದ್ದಾಗ ಲಾಡಿ ಕಿತ್ಕೊಂಡ್ಬಂತು. ಆಂಟಿ ಒಳಗಿಂದ ಅದೇ ಹಳದಿ ಬಟ್ಟೆ ಚೂರು ತಂದು ಹೊಸ ಲಾಡಿ ಹಾಕ್ಕೊಟ್ರು. ನಾನು ಅವರ ಮುಖಾನೇ ನೋಡ್ತಿದ್ದೆ. 'ನಿಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡಮ್ಮ, ನೊಂದ್ಕೋತಾಳೆ' ಅಂದ್ರು."

ಇದನ್ನು ಕೇಳಿದ ಮೇಲೆ ನಿಮ್ಮ ಫೋಟೋದ ಮುಂದೆ ನಿಲ್ಲುವುದಕ್ಕೂ ನಾಚಿಕೆಯಾಗುತ್ತಿದೆ. ಇಷ್ಟು ವರ್ಷ ಬಿಟ್ಟು ಬಾಯಿ ಬಿಟ್ಟೆನಲ್ಲ, ಅದೂ ಆಗಲೇ ಗೊತ್ತಿದ್ದವಳ ಮುಂದೆ.

ನಾಳೆ ಆಫೀಸಿನಲ್ಲಿ, ಇನ್ನೂ ನಿಜ ಗೊತ್ತಿಲ್ಲದವರ ಮುಂದೆ ಹೇಳುತ್ತೇನೆ ಅತ್ತೆ.

ನಿಮ್ಮ ಸೊಸೆ